ಇಂಟು ಹಾಕಿದ ಬ್ಯಾಟರಿ

‘ಬೆಳಕು ಕಡಿಮೆ ಇರುವ ಬ್ಯಾಟರಿ ಒಂದು ಕೊಡಪ್ಪ’ ಎಂದು ಯಾವುದಾದರೂ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಖಾರವಿಲ್ಲದ ಮೆಣಸಿನಪುಡಿ ಕೇಳಿದವನನ್ನು ನೋಡುವ ಹಾಗೆ ನಿಮ್ಮನ್ನು ನೋಡುತ್ತಾರೆ. ಹಾಗೆ ನೋಡಿಸಿಕೊಳ್ಳುವ ಯೋಗ ಈ ಬೇಸಿಗೆಯಲ್ಲಿ ನನಗೆ ಎರಡು ಊರುಗಳಲ್ಲಿ ಒದಗಿತು. ಬ್ಯಾಟರಿ ಎಂದರೆ ನಮ್ಮ ಕಡೆ ಕೈಯಲ್ಲಿ ಹಿಡಿಯುವ ಟಾರ್ಚು; ಅದರ ಹೊಟ್ಟೆಗೆ ಹಾಕುವುದಕ್ಕೆ ಸೆಲ್ಲು ಅನ್ನುತ್ತೇವೆ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ನಿಮಗೆ ಸುಲಭವಾಗಿ ತಿಳಿಯುತ್ತದೆ. ನನಗೆ ತಿಳಿಯಲು ಮಾತ್ರ ಎಪ್ಪತ್ತು ವರ್ಷ ಬೇಕಾಯಿತು.

ಹುನಗುಂದದ ಅಂಗಡಿಯವನು ಮೊಣಕೈ ಉದ್ದದ ಒಂದನ್ನು ನನ್ನ ಮುಂದಿಟ್ಟ.

“ಇದನ್ನ ಗುಡ್ಡಕ್ಕ ಬಿಟ್ರ ಗುಡ್ಡದಾಗಿನ ನರಿ ಕಾಣತೈತ್ರಿ ಅಜ್ಜಾರ.”

“ನನಗ ನರಿ ಬ್ಯಾಡಪಾ. ಆರು ವರ್ಷದ ಕೂಸಿಗೆ ತನ್ನ ಕಾಲು ಕಂಡ್ರ ಸಾಕು.”

“ಕಾಲು ನೋಡಾಕ ಬ್ಯಾಟ್ರಿ ಯಾಕ್ರಿ? ಕಾಲು ಎಲ್ಲಿ ಹೋಗ್ತಾವು?”

ಬಾಗಲಕೋಟೆಯವನದು ಇನ್ನೂ ದೊಡ್ಡ ಅಂಗಡಿ. ಅವನು ತೋರಿಸಿದ ಬ್ಯಾಟರಿಯಲ್ಲಿ ರೇಡಿಯೋ ಇತ್ತು, ಮೊಬೈಲಿಗೆ ಕರೆಂಟು ತುಂಬುವ ತೂತು ಇತ್ತು, ಒತ್ತಿದರೆ ಪೋಲೀಸ್ ಗಾಡಿಯಂತೆ ಕೂಗುವ ಗುಂಡಿ ಇತ್ತು. “ಇದರಾಗ ಏನಿಲ್ಲ ಹೇಳ್ರಿ?” ಎಂದು ಸವಾಲು ಹಾಕಿದ. “ಮಂದ ಬೆಳಕು ಇಲ್ಲ” ಎಂದೆ. ಅವನು ನನ್ನ ಹಿಂದೆ ನಿಂತಿದ್ದ ಗಿರಾಕಿಯ ಕಡೆ ತಿರುಗಿ, “ನಿಮಗೇನು ಬೇಕ್ರಿ?” ಎಂದು ಕೇಳಿದ.

ಈಗಿನ ಕಾಲದಲ್ಲಿ ಬೆಳಕು ಮಾರುವವರಿಗೆಲ್ಲ ಅದೊಂದೇ ಹುಚ್ಚು. ನಮ್ಮ ಓಣಿಯ ಕಂಬಕ್ಕೆ ಹೊಸ ದೀಪ ಬಂದ ಮೇಲೆ ಕೋಳಿಗಳು ಮಧ್ಯರಾತ್ರಿ ಎದ್ದು ಕೂಗಿ, ತಪ್ಪಾಯಿತೆಂದು ಮತ್ತೆ ಮಲಗುತ್ತವೆ. ಲಗ್ನದ ಪೆಂಡಾಲಿನಲ್ಲಿ ಮದುಮಗಳ ಮುಖ ಕಾಣುವುದಿಲ್ಲ, ಮುಖದ ಮೇಲಿನ ಪುಡಿ ಕಾಣುತ್ತದೆ. ಆದರೆ ಇವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಪ್ರಖರವಾದ ಬೆಳಕಿನ ಜಂಬ ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಮೊದಲು ನನಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ತಪ್ಪೊಪ್ಪಿಕೊಳ್ಳುವವನಿಗೆ ಸ್ವಲ್ಪ ತಡಮಾಡುವ ಚಟ ಇರುತ್ತದೆ, ಸಹಿಸಿಕೊಳ್ಳಿ.

ನನ್ನ ಮಗಳು ಗಿರಿಜಾ ಬಾದಾಮಿಯಲ್ಲಿ ಸಾಲಿಯ ಶಿಕ್ಷಕಿ. ಎರಡನೆಯ ಹೆರಿಗೆ, ಬಾಣಂತನಕ್ಕೆಂದು ಇಳಕಲ್ಲಿಗೆ, ನಮ್ಮ ಮನೆಗೆ ಬಂದಿದ್ದಳು. ಜೊತೆಗೆ ಮೊದಲನೆಯ ಕೂಸು ಸಾನ್ವಿ. ಡಾಕ್ಟರರು ಗಿರಿಜಾಗೆ ರಾತ್ರಿ ನಿದ್ದೆ ಕೆಡಬಾರದು ಎಂದಿದ್ದರಿಂದ ಸಾನ್ವಿ ಪಡಸಾಲೆಯಲ್ಲಿ ನನ್ನ ಮತ್ತು ಅವಳ ಆಯಿಯ ನಡುವೆ ಮಲಗಬೇಕು ಎಂದು ತೀರ್ಮಾನವಾಯಿತು. ಆಯಿ ಎಂದರೆ ನನ್ನ ಹೆಂಡತಿ ನೀಲವ್ವ. ತೀರ್ಮಾನ ನಮ್ಮದು, ಸಾನ್ವಿಯದಲ್ಲ. ಅವಳಿಗೆ ಕತ್ತಲೆಂದರೆ ಅಂಜಿಕೆ. ಬಾದಾಮಿಯಲ್ಲಿ ಅವಳ ಕೈಯಲ್ಲಿ ಒಂದು ಸಣ್ಣ ಬ್ಯಾಟರಿ ಇರುತ್ತಿತ್ತಂತೆ. ಅದನ್ನು ಹೊದಿಕೆಯೊಳಗೆ ಹಚ್ಚಿಟ್ಟುಕೊಂಡು ಮಲಗುತ್ತಿದ್ದಳಂತೆ. ಹೊರಡುವ ಮುನ್ನಾ ದಿನ ಕಿಟಕಿಯಲ್ಲಿ ಇಟ್ಟಿದ್ದ ಅದನ್ನು ಮಂಗ ಎತ್ತಿಕೊಂಡು ಗುಡ್ಡ ಹತ್ತಿತು. ಬಾದಾಮಿಯ ಮಂಗಗಳು ಹುಟ್ಟಿದಂದಿನಿಂದ ಗುಹೆಗಳ ಹತ್ತಿರ ವಾಸ ಮಾಡುತ್ತವೆ. ಒಳಗೆ ಏನಿದೆ ಎಂದು ಸರಿಯಾಗಿ ನೋಡಬೇಕೆಂದು ಅದಕ್ಕೂ ಅನ್ನಿಸಿರಬಹುದು.

“ಝೀರೋ ಬಲ್ಬ್ ಹಚ್ಚಿದ್ರಾತು” ಎಂದೆ ನಾನು.

“ರಾತ್ರಿ ಎರಡು ಸಲ ಕರೆಂಟ್ ಹೋಗತೈತಿ. ಆಗ ಏನ್ ಮಾಡ್ತಿ?” ಎಂದಳು ಗಿರಿಜಾ. “ಮತ್ತ ಅದು ಆಕಿ ಕೈಯಾಗ ಇರಬೇಕಪ್ಪಾ. ತಾನಾ ಹಚ್ಚಬೇಕು, ತಾನಾ ಬಂದ್ ಮಾಡಬೇಕು. ಮೊಬೈಲ್ ಅಂತೂ ಕೊಡೂದಿಲ್ಲ.”

ಹೀಗೆಂದು ಒಂದು ಯಾದಿ ಬರೆದು ನನ್ನ ಮೊಬೈಲಿಗೆ ಕಳಿಸಿದಳು. ಅಡುಗೆಮನೆಯಿಂದ ಪಡಸಾಲೆಗೆ. ಗಾಜು ಇರಬಾರದು. ತಾಸುಗಟ್ಟಲೆ ಉರಿದರೂ ಬಿಸಿಯಾಗಬಾರದು. ಗುಂಡಿಯಂಥ ಚಪ್ಪಟೆ ಸೆಲ್ಲು ಇರಬಾರದು, ಕೂಸುಗಳು ನುಂಗಿಬಿಡುತ್ತವೆ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಬೆಳಕು ಹಳದಿಯಾಗಿರಬೇಕು, ಕಣ್ಣಿಗೆ ಬಿಟ್ಟುಕೊಂಡರೂ ಕಣ್ಣು ಕುಕ್ಕಬಾರದು. ಅವಳಿಗೆ ಗಂಡು ನೋಡುವಾಗ ಕೂಡ ನಾನು ಇಷ್ಟು ಷರತ್ತು ಹಾಕಿರಲಿಲ್ಲ. ಹುಡುಗನ ನೌಕರಿ, ಮನೆಯ ಗೋಡೆ, ಇಷ್ಟೇ ನೋಡಿದ್ದೆ.

ಯಾದಿಯ ಕೊನೆಗೆ ಒಂದು ಸಾಲಿತ್ತು: ‘ಆಯ್ತವಾರದೊಳಗ ಆಗಲಿಲ್ಲ ಅಂದ್ರ ಸಾನ್ವೀನ ಕಲಾದಗಿಗೆ ಕಳಸ್ತೇನಿ.’

ಕಲಾದಗಿ ಎಂದರೆ ಬೀಗರ ಮನೆ. ಅಲ್ಲಿ ಚಿಕ್ಕು ತೋಟವಿದೆ, ಇನ್ವರ್ಟರ್ ಇದೆ. ಆ ಇನ್ವರ್ಟರಿನ ವಿಷಯವನ್ನು ಬೀಗತಿ ಪ್ರತಿ ಫೋನಿನಲ್ಲೂ ಹೇಗಾದರೂ ಮಾಡಿ ತರುತ್ತಾರೆ. “ನಮ್ಮಲ್ಲೆ ದೀಪ ಹೋಗೂದs ಇಲ್ರಿ, ಕೂಸಿಗೆ ಏನೂ ತ್ರಾಸಿಲ್ಲ” ಎನ್ನುತ್ತಾರೆ. ಸೂಟಿ ಪೂರ್ತಿ ಮೊಮ್ಮಗಳು ನಮ್ಮ ಮನೆಯಲ್ಲಿ ಇರುತ್ತಾಳೆಂದು ನೀಲವ್ವ ಶೇಂಗಾ ಉಂಡೆ ಮಾಡಿ ಎರಡು ಡಬ್ಬಿ ತುಂಬಿಸಿಟ್ಟಿದ್ದಳು. ಮೊಮ್ಮಗಳು ಆರು ವರ್ಷದಲ್ಲಿ ನಮ್ಮಲ್ಲಿ ಒಟ್ಟಿಗೆ ಎರಡು ರಾತ್ರಿಗಿಂತ ಹೆಚ್ಚು ಉಳಿದವಳೇ ಅಲ್ಲ. ಯಾಕೆ ಉಳಿಯುತ್ತಿರಲಿಲ್ಲ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಗಿರಿಜಾಗೆ ನೌಕರಿಯ ಗಡಿಬಿಡಿ ಎಂದುಕೊಂಡಿದ್ದೆ.

ಬೆಳಕಿನ ವಿಷಯದಲ್ಲಿ ನನಗೆ ಯಾದಿ ಕೊಡುವುದೇ? ಇಳಕಲ್ಲಿನಲ್ಲಿ ‘ಬ್ಯಾಟ್ರಿ ಸಂಗಪ್ಪನ ಮನಿ’ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನಿಂದ ನನ್ನ ಬಾಗಿಲವರೆಗೆ ತಂದು ಬಿಡುತ್ತಾರೆ. ಆ ಗರ್ವದಲ್ಲಿ ಮೊದಲ ದಿನವೇ ಕೈಗೆ ಸಿಕ್ಕಿದ ಒಂದು ಪ್ರಖರ ಬ್ಯಾಟರಿ ತಂದು, ಅದರ ಮುಖಕ್ಕೆ ನೀಲವ್ವನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಸುತ್ತಿದೆ. ಬೆಳಕು ಮಂದವೇನೋ ಆಯಿತು. ಆದರೆ ಕರೆಂಟ್ ಹೋದಾಗ ಸಾನ್ವಿ ಅದನ್ನು ಹಚ್ಚಿದಳು. ಪಕ್ಕದಲ್ಲಿ ಕೂದಲು ಬಿಚ್ಚಿಕೊಂಡು, ಹಲ್ಲಿನ ಸೆಟ್ ತೆಗೆದಿಟ್ಟು ಕೂತಿದ್ದ ನೀಲವ್ವ ಅಡಿಯಿಂದ ಮುಡಿಯವರೆಗೆ ಕೆಂಪಗೆ ಕಂಡಳು. ಆ ಕೂಗು ಓಣಿಯ ಆ ತುದಿಗೆ ಕೇಳಿಸಿತು. ಸಾನ್ವಿಯದಲ್ಲ, ಸಾನ್ವಿಯ ಕೂಗಿಗೆ ಬೆಚ್ಚಿದ ನೀಲವ್ವನದು. ಗಿರಿಜಾ ಬಂದು ಬ್ಯಾಟರಿ ಕಿತ್ತುಕೊಂಡಳು, ಮೂಸಿದಳು.

“ಅರಿವಿ ಬಿಸಿ ಆಗೇತಿ. ಹಾಸಿಗಿಗೆ ಬೆಂಕಿ ಹಚ್ಚಾಂವ ಇದ್ದೇನು?”

ಎರಡನೆಯ ದಿನ ಇನ್ನೊಂದು ಉಪಾಯ. ಸೆಲ್ಲು ಸೋತರೆ ಬೆಳಕು ತಾನೇ ಮಂದವಾಗುತ್ತದಲ್ಲ! ಓಣಿಯ ಮನೆಮನೆಗೆ ಹೋಗಿ, ಗೋಡೆ ಗಡಿಯಾರಗಳಿಂದ, ಟೀವಿ ರಿಮೋಟುಗಳಿಂದ ಸಾಯಲು ಬಂದ ಸೆಲ್ಲುಗಳನ್ನು ಬೇಡಿ ತಂದೆ. ಸತ್ಕಾರ್ಯಕ್ಕೆ ವಂತಿಗೆ ಕೇಳಿದಾಗ ಬಾಗಿಲು ಹಾಕಿಕೊಳ್ಳುವವರು ಕೂಡ ಧಾರಾಳವಾಗಿ ಕೊಟ್ಟರು. ಅವುಗಳಲ್ಲಿ ಎರಡನ್ನು ಒಂದು ಹಳೆಯ ಪ್ಲಾಸ್ಟಿಕ್ ಬ್ಯಾಟರಿಗೆ ತುಂಬಿದೆ. ಬೆಳಕು ಹಳದಿ, ತಂಪು, ಅರಿಶಿನದ ನೀರಿನಂತೆ. ಹಿಗ್ಗಿ ಮಲಗಿದೆ. ರಾತ್ರಿ ಒಂದರ ಸುಮಾರಿಗೆ ಸೆಲ್ಲುಗಳು ತಮ್ಮ ಕೊನೆಯ ಉಸಿರು ಎಳೆದವು. ಕೂಸು ಕತ್ತಲಲ್ಲಿ ಎದ್ದು ಅವ್ವನನ್ನು ಹುಡುಕುತ್ತ ಹೋಗಿ ಹಿತ್ತಾಳೆ ಕೊಡಕ್ಕೆ ಎಡವಿತು. ಬೆಳಗ್ಗೆ ನೋಡಿದರೆ ಒಂದು ಸೆಲ್ಲು ಸೋರಿ ಬೆಳ್ಳಗೆ ಬೂಷ್ಟು ಬಂದಿತ್ತು.

ಗಿರಿಜಾ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಸಾನ್ವಿಯ ಅರಿವೆಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದಳು.

“ಇನ್ನೂ ಮೂರು ದಿವಸ ಐತೆಲ್ಲವಾ” ಎಂದೆ.

“ಇರಲಿ ಬಿಡಪ್ಪಾ. ನಿನಗ ಇದು ತಿಳಿಯೂದಿಲ್ಲ.”

ಹುನಗುಂದಕ್ಕೂ ಬಾಗಲಕೋಟೆಗೂ ನಾನು ಓಡಿದ್ದು ಆಮೇಲೆ. ಅಲ್ಲಿ ನಡೆದದ್ದನ್ನು ಹೇಳಿದೆನಲ್ಲ. ಬರಿಗೈಯಲ್ಲಿ ಬಸ್ಸಿನಲ್ಲಿ ಕೂತು ಬರುವಾಗ, ‘ನಿನಗ ಇದು ತಿಳಿಯೂದಿಲ್ಲ’ ಎಂಬ ಮಾತು ಅಮೀನಗಡ ದಾಟಿದರೂ ಇಳಿಯಲಿಲ್ಲ.

ನನ್ನ ಕಸುಬನ್ನು ಈಗ ಹೇಳಲೇಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಕಲಿಯಲು ಮನೆಯಲ್ಲಿ ಅನುಕೂಲವಿಲ್ಲದೆ, ನಮ್ಮೂರಿನ ಒಂದು ಕೆಂಪು ಕಲ್ಲಿನ ಕಾರ್ಖಾನೆ ಸೇರಿದೆ. ಕಲ್ಲು ನೋಡುವುದು ನನ್ನ ಕೆಲಸ. ಕೊರೆದ ಚಪ್ಪಡಿಯ ಮೇಲೆ ನೀರು ಚೆಲ್ಲುವುದು, ಓರೆಯಾಗಿ ಬ್ಯಾಟರಿ ಬಿಡುವುದು, ನೀರು ಆರುವ ತನಕ ಕಾಯುವುದು. ಎಲ್ಲ ಕಡೆ ಒಣಗಿದ ಮೇಲೂ ಒಂದು ಕಡೆ ಕೂದಲೆಳೆಯಂಥ ಗೆರೆ ಒದ್ದೆಯಾಗಿ ಉಳಿದರೆ ಅಲ್ಲಿ ಬಿರುಕಿದೆ ಎಂದು ಅರ್ಥ. ಹಳದಿ ಬಳಪದಿಂದ ಅದರ ಮೇಲೆ ಒಂದು ಇಂಟು, ಅಂದರೆ ಗುಣಾಕಾರದ ಗುರುತು, ಹಾಕಬೇಕು. ಇಂಟು ಬಿದ್ದ ಕಲ್ಲು ರಿಜೆಕ್ಟ್. ಅದು ಎಷ್ಟೇ ಚಂದ ಇರಲಿ, ಲಾರಿ ಹತ್ತುವುದಿಲ್ಲ. ಹೊರಗೆ ಮುಳ್ಳುಕಂಟಿಯಲ್ಲಿ ಬಿದ್ದಿರುತ್ತದೆ.

ನನ್ನದು ಐದು ಸೆಲ್ಲಿನ ಬ್ಯಾಟರಿ. ಮೂವತ್ತು ವರ್ಷ ಅದು ನನ್ನ ಬಲಗೈಯ ಆರನೆಯ ಬೆರಳಾಗಿತ್ತು. ಕ್ರಮೇಣ ನಾನು ಕಲ್ಲನ್ನಷ್ಟೇ ಅಲ್ಲ, ಎಲ್ಲವನ್ನೂ ನೋಡತೊಡಗಿದೆ. ಸಂತೆಯಲ್ಲಿ ಬದನೆಕಾಯಿಗೆ ಬ್ಯಾಟರಿ ಬಿಟ್ಟು ಹುಳು ಹುಡುಕಿದೆ. ಗಿರಿಜಾಳ ಸಂಬಂಧ ನೋಡಲು ಕಲಾದಗಿಗೆ ಹೋದಾಗ ಬೀಗರು ಚಹಾ ತರುವಷ್ಟರಲ್ಲಿ ಅವರ ಪಡಸಾಲೆಯ ಗೋಡೆಗೆ ಬೆಳಕು ಬಿಟ್ಟು ಬಿರುಕು ಎಣಿಸಿದೆ. ನಾಲ್ಕಿದ್ದವು. ಅವರಿಗೂ ಹೇಳಿದೆ. ಬೀಗತಿ ಇನ್ವರ್ಟರಿನ ಮಾತನ್ನು ಇವತ್ತಿಗೂ ಬಿಡದಿರುವುದಕ್ಕೆ ಅದೇ ಕಾರಣವಿರಬೇಕು.

ಇಪ್ಪತ್ತೇಳು ವರ್ಷದ ಹಿಂದೆ, ಗಿರಿಜಾ ಏಳು ವರ್ಷದವಳಿದ್ದಾಗ, ಅವಳಿಗೂ ಕತ್ತಲೆಂದರೆ ಅಂಜಿಕೆ. ಜೋಳದ ಚೀಲ ಇಟ್ಟಿದ್ದ ಒಳಕೋಣೆಯ ಪಕ್ಕದಲ್ಲಿ ಅವಳ ಹಾಸಿಗೆ. “ಅಪ್ಪಾ, ಝೀರೋ ಬಲ್ಬ್ ಇರಲೆಪ್ಪಾ” ಎಂದು ದಿನಾ ಕೇಳುತ್ತಿದ್ದಳು. ನಾನು ದಿನಾ ಆರಿಸುತ್ತಿದ್ದೆ. ಬಿಲ್ಲು ಬರುತ್ತದೆ ಎನ್ನುತ್ತಿದ್ದೆ. ಸುಳ್ಳು. ಆ ಬಲ್ಬಿಗೆ ಎಷ್ಟು ಬಿಲ್ಲು! ಬ್ಯಾಟ್ರಿ ಸಂಗಪ್ಪನ ಮಗಳು ಅಂಜುಬುರುಕಿ ಎಂದರೆ ನನ್ನ ಮರ್ಯಾದೆ ಏನಾಗಬೇಕು ಎಂಬುದು ನನ್ನ ಚಿಂತೆ.

ಒಂದು ಸಂಜೆ, ಮಬ್ಬುಗತ್ತಲಾಗಿತ್ತು, ಓಣಿಯ ಕಟ್ಟೆಯ ಮೇಲೆ ಕೂತಿದ್ದ ಗೆಳೆಯರನ್ನೆಲ್ಲ, ಬಸಣ್ಣನ ಸಹಿತ, ಮನೆಗೆ ಕರೆತಂದೆ. “ಬರ್ರಿ, ನಮ್ಮ ಗಿರಿಜಾನ ದೆವ್ವ ನೋಡೂಣು” ಎಂದೆ. ಒಳಕೋಣೆಯ ಕತ್ತಲಲ್ಲಿ ಅವಳನ್ನು ನಿಲ್ಲಿಸಿ ಮೂಲೆಮೂಲೆಗೆ ಬ್ಯಾಟರಿ ಬಿಟ್ಟೆ. “ಇಲ್ಲೈತೇನು? ಇಲ್ಲೈತೇನು?” ಪ್ರತಿ ಮೂಲೆಗೂ ನಗೆ. ಕೊನೆಗೆ ಐದು ಸೆಲ್ಲಿನ ಬೆಳಕನ್ನು ಅವಳ ಮುಖಕ್ಕೇ ಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಕೆನ್ನೆ ಒದ್ದೆಯಾಗಿತ್ತು.

“ಸಿಕ್ತು ನೋಡ್ರಿ ಬಿರುಕು!” ಎಂದೆ. ಅಂಗಿಯ ಜೇಬಿನಿಂದ ಹಳದಿ ಬಳಪ ತೆಗೆದು ಅವಳ ಹಣೆಯ ಮೇಲೆ ಇಂಟು ಹಾಕಿದೆ. “ರಿಜೆಕ್ಟ್!”

ಅಷ್ಟು ನಗೆ ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ. ಕಲ್ಲಿಗೆ ಹಾಕುವ ಬಳಪ ಮೇಣದ್ದು, ನೀರಿಗೆ ಹೋಗುವುದಿಲ್ಲ. ನೀಲವ್ವ ಎಣ್ಣೆ ಹಚ್ಚಿ ಒರೆಸಿ ತೆಗೆದಳು. ಮರುದಿನದಿಂದ ಗಿರಿಜಾ ಬಲ್ಬ್ ಕೇಳಲಿಲ್ಲ. ‘ಅಂಜಿಕಿ ಒಂದs ದಿನದಾಗ ಬಿಡಿಸಿದೆ’ ಎಂದು ನಾನು ಈ ಕಥೆಯನ್ನು ಲಗ್ನ, ಸೀಮಂತ, ತೊಟ್ಟಿಲು, ಎಲ್ಲ ಕಡೆ ಹೇಳಿದೆ. ಅವಳ ಗಂಡನಿಗೂ ಹೇಳಿದೆ. ಅವಳೆದುರೇ ಹೇಳಿದೆ. ಅವಳು ಎದ್ದು ನೀರು ತರಲು ಹೋಗುತ್ತಿದ್ದಳು. ಯಾರೂ ನೀರು ಕೇಳಿರುತ್ತಿರಲಿಲ್ಲ.

ಇನ್ನೊಂದು ಮಾತು ಬಾಕಿ ಇದೆ. ಅದನ್ನು ಬರೆಯುವುದಕ್ಕೆ ಇದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ. ಕತ್ತಲಿಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಜುತ್ತಿದ್ದವನು ನಾನು. ಆ ಐದು ಸೆಲ್ಲಿನ ಬ್ಯಾಟರಿ ಕಾರ್ಖಾನೆಯಲ್ಲೇ ಇಟ್ಟು ಬರಬಹುದಾಗಿತ್ತು. ಮನೆಗೆ ತರುತ್ತಿದ್ದದ್ದು ಯಾಕೆಂದು ತಿಳಿದುಕೊಂಡಿರಿ? ಸೆಲ್ಲು ತೀರಿದ ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ನೀಲವ್ವನನ್ನು ತಟ್ಟಿ ಎಬ್ಬಿಸುತ್ತಿದ್ದೆ.

“ನಿನಗ ಹೊರಗ ಹೋಗೂದೈತೇನು?”

“ನನಗೇನಿಲ್ರಿ.”

“ಇದ್ರ ಹೋಗಿ ಬಂದುಬಿಡು. ನಾ ಬಾಗಲದಾಗ ನಿಂದರ್ತೇನಿ.”

ಪಾಪ, ಎಷ್ಟೋ ಸಲ ಅವಳು ನಿದ್ದೆಗಣ್ಣಲ್ಲಿ ಎದ್ದು, ತನಗೆ ಇಲ್ಲದ ಅವಸರಕ್ಕೆ ಹಿತ್ತಲಿಗೆ ಹೋಗಿ ಬಂದಿದ್ದಾಳೆ. ಹಿಂದೆಯೇ ನಾನೂ. ಒಂದು ಸಲವೂ ಯಾಕೆಂದು ಕೇಳಲಿಲ್ಲ.

ಚಿಕ್ಕಂದಿನಲ್ಲಿ ಮರೋಳದ ನನ್ನ ಅವ್ವನ ತವರಿನಲ್ಲಿ ಮಲಗುವಾಗ ಆ ಮನೆಯ ಮುದುಕಿ, ನನ್ನ ಆಯಿ, ಚಿಮಣಿ ದೀಪದ ಬತ್ತಿಯನ್ನು ಬೆರಳಿನಿಂದ ಒತ್ತಿ ಒತ್ತಿ, ಉರಿ ಒಂದು ಜೋಳದ ಕಾಳಿನಷ್ಟು ಉಳಿಯುವಂತೆ ಮಾಡಿ, ನನ್ನಿಂದ ಮಾರು ದೂರ ಇಡುತ್ತಿದ್ದಳು. ‘ಅಂಜಿಕಿ ಬರತೈತೇನು?’ ಎಂದು ಒಂದು ದಿನವೂ ಕೇಳಲಿಲ್ಲ. ಕೇಳದೆಯೇ ಇಡುತ್ತಿದ್ದಳು. ಗೋಡೆಯ ಮೇಲೆ ಬುಟ್ಟಿಯ ನೆರಳು, ಒನಕೆಯ ನೆರಳು ಹಾಗೇ ನಿಂತಿರುತ್ತಿದ್ದವು, ಯಾವುದೂ ಅಳ್ಳಾಡುತ್ತಿರಲಿಲ್ಲ. ಆ ಕಾಳಿನಷ್ಟು ಬೆಳಕನ್ನು ಉಂಡು ಬೆಳೆದವನು ಹೋಗಿ ಐದು ಸೆಲ್ಲು ಹಿಡಿದೆ ನೋಡಿ.

ಬಾಗಲಕೋಟೆಯಿಂದ ಬರಿಗೈಯಲ್ಲಿ ಬಂದ ಸಂಜೆ ಸಾನ್ವಿ ಬಾಗಿಲಲ್ಲೇ ಕಾದಿದ್ದಳು.

“ಸಿಕ್ತೇನಜ್ಜಾ?”

“ಇಲ್ಲವಾ.”

ಅವಳು ಸ್ವಲ್ಪ ಹೊತ್ತು ನನ್ನ ಅಂಗಿಯ ಜೇಬನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅಜ್ಜಾ, ನನಗೂ ಇಂಟು ಹಾಕ್ತಿಯೇನು?”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಯಾರು ಹೇಳಿದ್ರವಾ?”

“ಮಮ್ಮಿ. ನೀ ಯಾಕ ಯಾವಾಗ್ಲೂ ದೀಪ ಹಚ್ಚಿ ಮಲಗ್ತಿ ಅಂತ ಮಮ್ಮಿಗೆ ನಾ ಕೇಳಿದ್ದೆ. ಅದಕ್ಕ ಹೇಳಿದ್ಲು.” ಮತ್ತೆ ನನ್ನ ಜೇಬಿನ ಕಡೆ ನೋಡಿ, “ಅದು ಎಣ್ಣಿ ಹಚ್ಚಿದ್ರ ಹೋಗತೈತಂತ ಹೌದೇನು?” ಎಂದಳು.

ಮೂವತ್ತು ವರ್ಷ ಕಲ್ಲು ನೋಡಿದ ಕಣ್ಣಿಗೆ, ತನ್ನ ಮಗಳು ಯಾವಾಗಲೂ ದೀಪ ಹಚ್ಚಿ ಮಲಗುತ್ತಾಳೆ ಎಂಬುದು ಕಂಡಿರಲಿಲ್ಲ. ಅಂಜಿಕೆ ಒಂದೇ ದಿನದಲ್ಲಿ ಬಿಡಿಸಿದವನು ನಾನು! ಅವಳು ಬಿಟ್ಟದ್ದು ಅಂಜಿಕೆಯನ್ನಲ್ಲ, ನನ್ನೆದುರು ಹೇಳುವುದನ್ನು.

ಟ್ರಂಕಿನ ತಳದಲ್ಲಿ ಇನ್ನೂ ಒಂದು ತುಂಡು ಹಳದಿ ಬಳಪ ಇತ್ತು. ತಂದು ಸಾನ್ವಿಯ ಕೈಗೆ ಕೊಟ್ಟು ಅವಳ ಮುಂದೆ ಕೂತೆ.

“ಹಾಕವಾ. ನನಗ ಹಾಕು.”

“ನಿನಗ ಯಾಕ?”

“ನಾನೂ ಕತ್ತಲಿಗೆ ಅಂಜತೇನಿ.”

ಅವಳು ನಂಬಲಿಲ್ಲ. “ಆಯೀ, ಖರೆ ಏನು?” ಎಂದು ಒಳಗೆ ಕೂಗಿದಳು.

ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಖರೇ ಐತವಾ. ಇವರ ಅಂಜಿಕಿ ಸಲುವಾಗಿ ನಾ ಹಿತ್ತಲದಾಗ ತಿರಗಿದ್ದು ಲೆಕ್ಕ ಇಟ್ರ ಬನಶಂಕರಿಗೆ ನಡಕೊಂತ ಹೋಗಿ ಬಂದಷ್ಟಾಗತೈತಿ. ಬೇಸ್ ದೊಡ್ಡದು ಹಾಕು!”

ಸಾನ್ವಿ ನಾಲಿಗೆ ಕಚ್ಚಿಕೊಂಡು, ಹುಬ್ಬಿನಿಂದ ನೆತ್ತಿಯವರೆಗೆ ನಾಲ್ಕೂ ಕಡೆ ಮುಟ್ಟುವ ಒಂದು ಇಂಟು ಹಾಕಿದಳು. ಗಿರಿಜಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ನಗಲಿಲ್ಲ. ಚೀಲದ ಹತ್ತಿರ ಹೋಗಿ ಮತ್ತೊಂದು ಫ್ರಾಕ್ ಮಡಚಿ ಇಟ್ಟಳು. ಸರಿಯೇ. ಹಣೆಗೆ ಒಂದು ಗೆರೆ ಎಳೆಸಿಕೊಂಡು ಇಪ್ಪತ್ತೇಳು ವರ್ಷದ್ದನ್ನು ಒರೆಸಿಬಿಡುತ್ತೇನೆ ಎಂದುಕೊಳ್ಳುವುದು ನಾಟಕದವರಿಗೆ ಸರಿ.

ಆದರೆ ಕಥೆ ಹೇಳಿದ್ದು ಕಟ್ಟೆಯ ಮೇಲಲ್ಲವೇ? ಅಲ್ಲಿಗೂ ಹೋಗಬೇಕಾಗಿತ್ತು. ಹಣೆ ಒರೆಸಿಕೊಳ್ಳದೆ ಹೋದೆ. ಅಂದು ನಕ್ಕವರಲ್ಲಿ ಈಗ ಉಳಿದಿರುವವನು ಬಸಣ್ಣ ಒಬ್ಬ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಲೇ ಸಂಗ್ಯಾ, ಏನೋ ಅದು ಹಣಿ ಮ್ಯಾಲ? ಕಲ್ಲಿನ ಫ್ಯಾಕ್ಟರ್ಯಾಗ ಕಡೀಕೆ ನಿನ್ನೂ ನೋಡಿದ್ರೇನು?”

“ಹೌದಲೇ. ರಿಜೆಕ್ಟ್ ಮಾಡ್ಯಾರ.” ಗಿರಿಜಾಳ ಅಂಜಿಕೆಯ ಕಥೆ ಸುಳ್ಳು ಎಂದೆ. ಅಂಜುಬುರುಕ ನಾನು, ಅವಳಲ್ಲ ಎಂದೆ.

ಬಸಣ್ಣ ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. “ಇದನ್ನ ಹೇಳಾಕ ಹಿಂಗ ಬೆವತೀಯೇನು? ನೀ ಅಂಜತಿ ಅಂತ ಓಣಿಗೆಲ್ಲಾ ಗೊತ್ತಿತ್ತಲೇ.”

“ಗೊತ್ತಿತ್ತು? ಮತ್ತ ಯಾಕ ಯಾರೂ ಅನ್ನಲಿಲ್ಲ?”

“ಹೆಂಗ ಅನ್ನೂದು? ನೀ ದೊಡ್ಡ ಮನಿಷ್ಯಾ, ಬಾಜೂಕ ಕುಂದರಾಂವ. ಅದು ಸಣ್ಣ ಕೂಸು. ಅದಕ್ಕ ನಕ್ಕಿವಿ, ನಿನಗ ಸುಮ್ಮನಿದ್ವಿ.” ಸುಣ್ಣದ ಬೆರಳನ್ನು ಕಟ್ಟೆಗೆ ಒರೆಸಿ, “ತಪ್ಪಾತು ನೋಡು” ಎಂದ. ಯಾರದೆಂದು ಹೇಳಲಿಲ್ಲ. ಎಲೆಯ ಸಂಚಿಯನ್ನು ನನ್ನ ಕಡೆ ಸರಿಸಿದ.

ಮರುದಿನ ಶನಿವಾರ. ಕೊನೆಯ ಪ್ರಯತ್ನ ಎಂದು ನಮ್ಮೂರಿನ ಮಾಬುಸಾಬನ ಅಂಗಡಿಗೆ ಹೋದೆ. ಆ ಹುಡುಗನ ಅಪ್ಪನ ಕಾಲದಿಂದ ನಾನು ಅಲ್ಲಿ ಸೆಲ್ಲು ಕೊಳ್ಳುತ್ತಿದ್ದವನು. ಅವನ ಹತ್ತಿರ ಮಂದ ಬೆಳಕು ಕೇಳಲು ನಾಚಿಕೆಯಾಗಿಯೇ ಊರೂರು ಅಲೆದಿದ್ದೆ. ಎಣ್ಣೆ ಹಚ್ಚಿ ಒರೆಸಿದರೂ ಹಣೆಯ ಮೇಲೆ ಹಳದಿಯ ಛಾಯೆ ಉಳಿದಿತ್ತು. ಅವನು ಅದನ್ನು ನೋಡಿ, ಯಾವುದೋ ಪೂಜೆ ಎಂದುಕೊಂಡು ಸುಮ್ಮನಾದ. ನನ್ನ ಕಣ್ಣು ಮೆಟ್ಟಿಲ ಹತ್ತಿರ ಇದ್ದ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಬಿತ್ತು. ಅದರ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡ ಇಂಟು.

“ಅದರಾಗ ಏನೈತಿ?”

“ಅವು ಬ್ಯಾಡ್ರಿ ಕಾಕಾ, ರಿಜೆಕ್ಟ್ ಮಾಲು. ಕಂಪನಿಗೆ ವಾಪಸ್ ಕಳಸಾಂವದೇನಿ. ಮುಂದಿನ ಮುಚ್ಚಳ ನೀರಿನಂಗ ಸ್ವಚ್ಛ ಇರಬೇಕಾಗಿತ್ತು, ಹಾಲಿನಂಗ ಬೆಳ್ಳಗ ಬಂದೈತಿ. ಬೆಳಕ ಮುಂದಕ್ಕ ಹೋಗೂದಿಲ್ಲ. ಒಯ್ದವರೆಲ್ಲಾ ಬೈದು ತಂದು ಒಗದಾರ.”

“ಒಂದು ಹಚ್ಚಿ ತೋರಸು.”

ಹಚ್ಚಿದ. ಅಂಗಡಿಯ ಮೂಲೆಯ ಮಬ್ಬಿನಲ್ಲಿ ಅದರ ಬೆಳಕು ಎರಡು ಮಾರು ಹೋಗಿ, ಇನ್ನು ಸಾಕು ಎಂದು ಕೂತುಕೊಂಡಿತು. ಬೆಣ್ಣೆ ಕಾಯಿಸುವಾಗಿನ ಬಣ್ಣ. ಮೈಯೆಲ್ಲ ಪ್ಲಾಸ್ಟಿಕ್. ಸೆಲ್ಲಿನ ಮುಚ್ಚಳಕ್ಕೆ ಪುಟ್ಟ ಸ್ಕ್ರೂ. ಹೊಸ ಸೆಲ್ಲು ಹಾಕಿಸಿ, ಸ್ಟೂಲಿನ ಮೇಲೆ ಕೂತು, ಒಂದೂವರೆ ತಾಸು ಅದನ್ನು ಉರಿಸಿದೆ. ಆಗಾಗ ಕೆನ್ನೆಗೆ ಒತ್ತಿಕೊಂಡು ಬಿಸಿಯಾಯಿತೇ ಎಂದು ನೋಡಿದೆ. ನನ್ನ ಕಣ್ಣಿಗೇ ಬಿಟ್ಟುಕೊಂಡೆ. ಕಣ್ಣು ತೆರೆದೇ ಇತ್ತು. ಬಂದು ಹೋಗುವ ಗಿರಾಕಿಗಳು ಮಾಬುಸಾಬನನ್ನು ಕಣ್ಣಲ್ಲೇ ಕೇಳಿದರು, ಅವನು ಕಣ್ಣಲ್ಲೇ ಏನೋ ಹೇಳಿದ. ಕಾರ್ಖಾನೆಯಲ್ಲಿ ಸಾವಿರ ಕಲ್ಲು ತಿರಸ್ಕರಿಸಿದಾಗಲೂ ನಾನು ಒಂದು ವಸ್ತುವನ್ನು ಇಷ್ಟು ಹೊತ್ತು ನೋಡಿರಲಿಲ್ಲ.

“ಗ್ಯಾರಂಟಿ ಇಲ್ರಿ ಕಾಕಾ, ನಾಳೆ ಬೈಬ್ಯಾಡ್ರಿ” ಎನ್ನುತ್ತಲೇ ಕಾಗದದಲ್ಲಿ ಸುತ್ತಿಕೊಟ್ಟ.

ಗಿರಿಜಾ ಮೊಬೈಲಿನಲ್ಲಿದ್ದ ಯಾದಿ ತೆರೆದು ಒಂದೊಂದಾಗಿ ನೋಡಿದಳು. ಸ್ಕ್ರೂ ತಿರುವಿದಳು. ಸೆಲ್ಲು ತೆಗೆದು ಹಾಕಿದಳು. ನೆಲಕ್ಕೆ ಒಂದು ಸಲ ಬೀಳಿಸಿ ನೋಡಿದಳು. ನಾನು ಚಪ್ಪಡಿಯ ಹಾಗೆ ನಿಂತಿದ್ದೆ. ಕೊನೆಗೆ ಅವಳು ಬ್ಯಾಟರಿಯನ್ನು ಸಾನ್ವಿಯ ಕೈಗೆ ಕೊಟ್ಟಳು. ಅಷ್ಟೇ.

ಆ ರಾತ್ರಿ ಕರೆಂಟ್ ಹತ್ತಕ್ಕೇ ಹೋಯಿತು. ಸಾನ್ವಿ ತನ್ನ ಬೆರಳಿನಿಂದ ತಾನೇ ಗುಂಡಿ ಒತ್ತಿದಳು. ಪಡಸಾಲೆಯ ಗೋಡೆಯ ಮೇಲೆ ಕೊಡದ ನೆರಳು, ನೀಲವ್ವನ ಮೊರದ ನೆರಳು ಮೂಡಿ, ಅಲ್ಲೇ ನಿಂತವು. ಯಾವುದೂ ಅಳ್ಳಾಡಲಿಲ್ಲ. “ಅಜ್ಜಾ, ನಿನಗ ಕಾಣತೈತೇನು?” ಎಂದಳು. ಕಾಣುತ್ತದೆ ಎಂದೆ. ಅವಳು ಮಗ್ಗುಲಾಗಿ ಮಲಗಿ ಐದು ನಿಮಿಷದಲ್ಲಿ ನಿದ್ದೆ ಹೋದಳು.

ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಗಿರಿಜಾ ಬಂದು ನಿಂತಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ. ಅವಳ ಕೋಣೆಯಲ್ಲಿ ಕತ್ತಲೆ. ಕೂಸು ಮಲಗಿತೇ ಎಂದು ನೋಡಲು ಬಂದಳು ಎಂದುಕೊಂಡೆ. ಅವಳು ಕೂಸನ್ನು ನೋಡಲಿಲ್ಲ, ಬೆಳಕನ್ನು ನೋಡುತ್ತಿದ್ದಳು.

“ಅಪ್ಪಾ.”

“ಏನವಾ?”

“ಆ ಅಂಗಡ್ಯಾಗ ಇಂಥಾವು ಇನ್ನೂ ಅದಾವೇನು?”

ಇಪ್ಪತ್ತೇಳು ಬೇಸಿಗೆಯ ಬಿಸಿಲು ಬಿದ್ದಿತ್ತು. ಆ ಒದ್ದೆ ಗೆರೆ ಇನ್ನೂ ಆರಿರಲಿಲ್ಲ.

“ಅದಾವವಾ. ಪೆಟಗಿ ತುಂಬ ಅದಾವು.”

“ಮತ್ತ, ನನಗೊಂದು ತಗೊಂಬಾ.” ಇಷ್ಟು ಹೇಳಿ, ಸಾನ್ವಿಯ ಪಕ್ಕದಲ್ಲಿ, ಆ ಎರಡು ಮಾರಿನ ಬೆಳಕಿನೊಳಗೆ, ನಿಧಾನವಾಗಿ ನೆಲಕ್ಕೆ ಕೈಯೂರಿ ಕೂತಳು. ನಾನು ನನ್ನ ದಿಂಬನ್ನು ಅವಳ ಬೆನ್ನಿಗೆ ಕೊಟ್ಟೆ. ಬೇಡ ಅನ್ನಲಿಲ್ಲ.

ಮರುದಿನ ಆಯ್ತವಾರ. ಸಾನ್ವಿಯನ್ನು ಒಯ್ಯಬೇಕಿದ್ದ ಕಲಾದಗಿಯ ಗಾಡಿಗೆ ಬರಬೇಡವೆಂದು ಗಿರಿಜಾ ಫೋನ್ ಮಾಡುವಷ್ಟರಲ್ಲಿ ನಾನು ಮಾಬುಸಾಬನ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಬೀಗ ತೆಗೆಯುತ್ತ ನನ್ನನ್ನು ನೋಡಿ ಬೆಚ್ಚಿದ.

“ಕೆಟ್ಟಿತೇನ್ರಿ ಕಾಕಾ? ನಾ ಮೊದಲs ಹೇಳಿದ್ದೆ, ಗ್ಯಾರಂಟಿ ಇಲ್ಲಂತ.”

“ಕೆಟ್ಟಿಲ್ಲ. ಇನ್ನೂ ಎರಡು ಕೊಡು.”

“ಎರಡಾ? ರಿಜೆಕ್ಟ್ ಮಾಲು? ಯಾರಿಗ್ರಿ?”

“ಒಂದು ನನ್ನ ಮಗಳಿಗೆ.”

“ಇನ್ನೊಂದು?”

ಅವನಿಗೆ ಹೇಳಲಿಲ್ಲ. ನಿಮಗೆ ಆಗಲೇ ಹೇಳಿದ್ದೇನಲ್ಲ.